ಕುರ್ಚಿ ಬಿಡದವರು, ಬೀದಿ ಬಿಡದವರು

2018ರ ಮಾರ್ಚ್ ಕೊನೆಯ ದಿನ ಅರ್ಮೇನಿಯಾದ ಗ್ಯೂಮ್ರಿ ಪಟ್ಟಣದಿಂದ ರಾಜಧಾನಿ ಯೆರೆವಾನ್ ಕಡೆಗೆ ವಿರೋಧ ಪಕ್ಷದ ಸಂಸದ ನಿಕೋಲ್ ಪಶಿನ್ಯಾನ್ ಕಾಲ್ನಡಿಗೆಯಲ್ಲಿ ಹೊರಟಾಗ ಜತೆಗಿದ್ದವರು ಬೆರಳೆಣಿಕೆಯಷ್ಟು ಜನ. ಹತ್ತು ವರ್ಷ ಅಧ್ಯಕ್ಷರಾಗಿದ್ದ ಸೆರ್ಜ್ ಸರ್ಗ್‌ಸ್ಯಾನ್ ಸಂವಿಧಾನಕ್ಕೆ ತಿದ್ದುಪಡಿ ಮಾಡಿಸಿ, ಅಧಿಕಾರವನ್ನೆಲ್ಲ ಪ್ರಧಾನಿ ಹುದ್ದೆಗೆ ಸಾಗಿಸಿದ್ದರು. ಆ ಹುದ್ದೆಗೆ ತಾವು ಬರುವುದಿಲ್ಲ ಎಂದು ಹಿಂದೆ ಹೇಳಿದ್ದವರು ಏಪ್ರಿಲ್ 17ರಂದು ಬಂದೇ ಬಿಟ್ಟರು. ಯೆರೆವಾನ್‌ನ ಬೀದಿಗಳು ತುಂಬಿದವು. ಏಪ್ರಿಲ್ 22ರಂದು ಇಬ್ಬರೂ ಟಿ.ವಿ. ಕ್ಯಾಮೆರಾಗಳ ಮುಂದೆ ಭೇಟಿಯಾದರು. ನಿಮ್ಮ ರಾಜೀನಾಮೆಯ ಬಗ್ಗೆ ಮಾತಾಡಲು ಬಂದಿದ್ದೇನೆ ಎಂದು ಪಶಿನ್ಯಾನ್ ಹೇಳಿದರೆ, ಇದು ಮಾತುಕತೆಯಲ್ಲ, ಬೆದರಿಕೆ ಎಂದು ಸರ್ಗ್‌ಸ್ಯಾನ್ ಎದ್ದು ನಡೆದರು. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಅದೇ ದಿನ ಪಶಿನ್ಯಾನ್ ಬಂಧನವಾಯಿತು. ಮರುದಿನ ಸಮವಸ್ತ್ರದಲ್ಲೇ ಇದ್ದ ಸೈನಿಕರು ಮೆರವಣಿಗೆಗೆ ಸೇರಿಕೊಂಡರು. ಪಶಿನ್ಯಾನ್ ಹೇಳಿದ್ದು ಸರಿ, ನಾನು ತಪ್ಪು ಎಂಬ ಅರ್ಥದ ಹೇಳಿಕೆ ಕೊಟ್ಟು ಸರ್ಗ್‌ಸ್ಯಾನ್ ಹುದ್ದೆ ಬಿಟ್ಟರು.

ಎರಡೂವರೆ ವರ್ಷ ಕಳೆಯಿತು. 2020ರ ನವೆಂಬರ್‌ನಲ್ಲಿ ನಾಗೋರ್ನೋ-ಕಾರಾಬಾಖ್ ಯುದ್ಧದಲ್ಲಿ ಅರ್ಮೇನಿಯಾ ಸೋತು ಕದನವಿರಾಮಕ್ಕೆ ಸಹಿ ಹಾಕಿತು. ಅದೇ ಬೀದಿಗಳು ಮತ್ತೆ ತುಂಬಿದವು. ಉದ್ರಿಕ್ತ ಗುಂಪು ಸಂಸತ್ ಭವನಕ್ಕೆ ನುಗ್ಗಿ ಸ್ಪೀಕರನ್ನು ಹಿಡಿದು ಹೊಡೆಯಿತು. ಸೇನಾ ವರಿಷ್ಠರೇ ಪ್ರಧಾನಿಯ ರಾಜೀನಾಮೆ ಕೇಳಿದರು. ಈ ಸಲ ಪ್ರಧಾನಿ ಕುರ್ಚಿಯಲ್ಲಿದ್ದವರು ಪಶಿನ್ಯಾನ್. ಅವರು ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಆದರೆ ತಿಂಗಳುಗಟ್ಟಲೆ ಎಳೆದಾಟದ ನಂತರ ಅವಧಿಪೂರ್ವ ಚುನಾವಣೆಗೆ ಒಪ್ಪಿಕೊಂಡರು. 2021ರ ಜೂನ್ 20ರಂದು ಮತದಾನ ನಡೆಯಿತು, ಶೇ 54ರಷ್ಟು ಮತ ಪಡೆದು ಅವರೇ ಗೆದ್ದರು.

ಹಾಗಾದರೆ ಬೀದಿ ಹೇಳಿದ್ದು 2018ರಲ್ಲಿ ಸರಿ, 2020ರಲ್ಲಿ ತಪ್ಪು ಎನ್ನೋಣವೇ? ಜನ ರಾಜೀನಾಮೆ ಕೇಳಿದಾಗ ಕೊಡದ ನಾಯಕರ ಕತೆಗಳನ್ನು ನಾವು ಸಾಮಾನ್ಯವಾಗಿ ಹಠದ, ಅಧಿಕಾರದಾಹದ ಕತೆಗಳಾಗಿ ಓದುತ್ತೇವೆ. ಹಠ ಇದ್ದೇ ಇರುತ್ತದೆ, ಅದೊಂದರಿಂದ ಏನೂ ತಿಳಿಯುವುದಿಲ್ಲ. ಇಂಥ ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಬೀದಿ ಕೇಳಿದ ಕೂಡಲೇ ಚುನಾಯಿತ ನಾಯಕ ಹೊರಟುಬಿಡಬೇಕೆಂದಿಲ್ಲ. ಆದರೆ ತಾನು ಇರಬೇಕೋ ಬೇಡವೋ ಎಂಬ ಪ್ರಶ್ನೆಗೆ ತಾನೇ ತೀರ್ಪುಗಾರನಾಗುವ ಹಕ್ಕು ಅವನಿಗಿಲ್ಲ. ಅದನ್ನು ಸಂಸತ್ತಿಗೋ ನ್ಯಾಯಾಲಯಕ್ಕೋ ಮತಪೆಟ್ಟಿಗೆಗೋ ಒಪ್ಪಿಸಬೇಕು. ಹಾಗೆ ಒಪ್ಪಿಸಲು ದಾರಿಯೇ ಇಲ್ಲದಂತೆ ಸಂವಿಧಾನ ಇದ್ದರೆ, ಅಥವಾ ನಾಯಕನೇ ಆ ದಾರಿಯನ್ನು ಮುಚ್ಚಿದರೆ, ತೀರ್ಮಾನ ಸೇನಾ ಬ್ಯಾರಕ್ಕಿಗೋ ಗೋಲಿಬಾರಿಗೋ ಹೋಗಿ ನಿಲ್ಲುತ್ತದೆ.

ಇದನ್ನು ಅತಿ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಶ್ರೀಲಂಕಾ. 2019ರ ನವೆಂಬರ್‌ನಲ್ಲಿ ಗೋಟಬಯ ರಾಜಪಕ್ಸ 69 ಲಕ್ಷ ಮತ ಪಡೆದು ಅಧ್ಯಕ್ಷರಾದರು, ಅಂದರೆ ಶೇ 52ಕ್ಕಿಂತ ಹೆಚ್ಚು. ಅಧಿಕಾರಕ್ಕೆ ಬಂದವರೇ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿದರು. ಬೊಕ್ಕಸ ಬರಿದಾಯಿತು. ಕೋವಿಡ್ ಬಂದು ಪ್ರವಾಸೋದ್ಯಮ ನಿಂತಿತು. 2021ರಲ್ಲಿ ರಸಗೊಬ್ಬರವನ್ನು ರಾತ್ರೋರಾತ್ರಿ ನಿಷೇಧಿಸಿ ರೈತರ ಬೆನ್ನು ಮುರಿದರು. ನವೆಂಬರ್‌ನಲ್ಲಿ ಆ ಆದೇಶ ಹಿಂತೆಗೆದುಕೊಳ್ಳುವ ಹೊತ್ತಿಗೆ ಭತ್ತ, ಚಹಾ ಎರಡೂ ಪೆಟ್ಟು ತಿಂದಿದ್ದವು. 2022ರ ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟ್ ಇರಲಿಲ್ಲ. ಅಡುಗೆ ಅನಿಲ, ಸೀಮೆಎಣ್ಣೆ, ಪೆಟ್ರೋಲಿನ ಸರದಿಗಳಲ್ಲಿ ನಿಂತಲ್ಲೇ ಕುಸಿದು ಪ್ರಾಣ ಬಿಟ್ಟ ವೃದ್ಧರಿದ್ದರು. ಮಾರ್ಚ್ 31ರ ರಾತ್ರಿ ಕತ್ತಲಲ್ಲಿದ್ದ ಜನ ಮಿರಿಹಾನದಲ್ಲಿ ಅಧ್ಯಕ್ಷರ ಖಾಸಗಿ ಮನೆಯ ಬಳಿ ಜಮಾಯಿಸಿದರು. ಏಪ್ರಿಲ್ 12ರಂದು ಸರ್ಕಾರ ವಿದೇಶಿ ಸಾಲದ ಕಂತು ಕಟ್ಟಲಾಗದೆಂದು ಕೈಯೆತ್ತಿತು.

ಏಪ್ರಿಲ್ 9ರಿಂದ ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ, ಅಧ್ಯಕ್ಷರ ಸಚಿವಾಲಯದ ಎದುರಿಗೇ, ‘ಗೋಟಾಗೋಗಾಮ’ ಎಂಬ ಊರೇ ಎದ್ದಿತು. ಡೇರೆಗಳು, ಸಾಮೂಹಿಕ ಅಡುಗೆಮನೆ, ಪ್ರಥಮ ಚಿಕಿತ್ಸೆಯ ತಾಣ, ಜನ ತಂದುಕೊಟ್ಟ ಪುಸ್ತಕಗಳ ಗ್ರಂಥಾಲಯ. ರಂಜಾನ್ ತಿಂಗಳಾದ್ದರಿಂದ ಅಲ್ಲೇ ಇಫ್ತಾರ್ ನಡೆಯಿತು, ಸಿಂಹಳ-ತಮಿಳು ಹೊಸ ವರ್ಷವೂ ನಡೆಯಿತು. ಇಪ್ಪತ್ತಾರು ವರ್ಷ ಜನಾಂಗೀಯ ಯುದ್ಧ ಕಂಡ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಆ ಯುದ್ಧ ಗೆಲ್ಲಿಸಿಕೊಟ್ಟವರೆಂದೇ ಗೋಟಬಯ ಮತ ಕೇಳಿದ್ದರು.

ಅಧ್ಯಕ್ಷರ ಉತ್ತರ ಒಂದೇ: ಐದು ವರ್ಷಕ್ಕೆ ಜನಾದೇಶ ಸಿಕ್ಕಿದೆ. ಜೂನ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಗೆ ಕೊಟ್ಟ ಸಂದರ್ಶನದಲ್ಲಿ, ವಿಫಲ ಅಧ್ಯಕ್ಷನಾಗಿ ಹೋಗಲಾರೆ, ಇನ್ನೊಂದು ಅವಧಿಗೆ ನಿಲ್ಲುವುದಿಲ್ಲ, ಈ ಅವಧಿ ಮುಗಿಸಿಯೇ ಹೋಗುವೆ ಎಂದರು. ಕಾನೂನಿನ ಕಣ್ಣಲ್ಲಿ ಇದರಲ್ಲಿ ತಪ್ಪು ಹುಡುಕುವುದು ಕಷ್ಟ, ಅಲ್ಲೇ ಇತ್ತು ಸಮಸ್ಯೆ. ಏಪ್ರಿಲ್ 3ರಂದು ಪ್ರಧಾನಿಯೊಬ್ಬರನ್ನು ಬಿಟ್ಟು ಇಡೀ ಸಂಪುಟ ರಾಜೀನಾಮೆ ಕೊಟ್ಟಿತ್ತು. ನಲವತ್ತಕ್ಕೂ ಹೆಚ್ಚು ಸಂಸದರು ಆಡಳಿತ ಮೈತ್ರಿಕೂಟದಿಂದ ಹೊರಬಂದಿದ್ದರು. ಸಂಸದೀಯ ಪದ್ಧತಿಯಾಗಿದ್ದರೆ ಅಲ್ಲಿಗೆ ಸರ್ಕಾರ ಬೀಳುತ್ತಿತ್ತು. ಲಂಕೆಯ ಅಧ್ಯಕ್ಷರನ್ನು ಇಳಿಸಬೇಕಾದರೆ ಮಹಾಭಿಯೋಗವೇ ಬೇಕು: ಸಂಸತ್ತಿನಲ್ಲಿ ಮೂರನೇ ಎರಡು ಬಹುಮತ, ನಂತರ ಸುಪ್ರೀಂ ಕೋರ್ಟ್ ವಿಚಾರಣೆ, ಆಮೇಲೆ ಮತ್ತೊಮ್ಮೆ ಮೂರನೇ ಎರಡು. ಚುನಾವಣೆಗೆ ಹೋಗೋಣವೆಂದರೆ, 2020ರ ಇಪ್ಪತ್ತನೇ ತಿದ್ದುಪಡಿಯಂತೆ ಎರಡೂವರೆ ವರ್ಷ ತುಂಬುವ ಮೊದಲು ಅಧ್ಯಕ್ಷರು ಸ್ವಂತ ನಿರ್ಧಾರದಿಂದ ಸಂಸತ್ತನ್ನು ವಿಸರ್ಜಿಸುವಂತಿರಲಿಲ್ಲ. ಅಧ್ಯಕ್ಷರ ಬಗ್ಗೆ ಅಸಮಾಧಾನ ಸೂಚಿಸುವ ನಿರ್ಣಯವನ್ನು ಕೂಡಲೇ ಚರ್ಚೆಗೆ ತೆಗೆದುಕೊಳ್ಳೋಣವೆಂದು ಮೇ 17ರಂದು ವಿರೋಧ ಪಕ್ಷ ಕೇಳಿದಾಗ 68 ಮಂದಿ ಪರವಾಗಿ, 119 ಮಂದಿ ವಿರುದ್ಧವಾಗಿ ಮತ ಹಾಕಿದರು. ದೇಶವೇ ಮಾತಾಡುತ್ತಿದ್ದ ವಿಷಯವನ್ನು ಸಂಸತ್ತು ಮಾತಿಗೂ ಎತ್ತಿಕೊಳ್ಳಲಿಲ್ಲ.

ಅಷ್ಟರಲ್ಲಿ ರಕ್ತ ಚೆಲ್ಲಿಯಾಗಿತ್ತು. ಮೇ 9ರಂದು ಪ್ರಧಾನಿ ಮಹಿಂದ ರಾಜಪಕ್ಸ ಅವರ ಬೆಂಬಲಿಗರು ಪ್ರಧಾನಿ ನಿವಾಸದಿಂದಲೇ ಹೊರಟು ಗಾಲ್ ಫೇಸ್‌ನ ಡೇರೆಗಳನ್ನು ಕಿತ್ತು, ಅಲ್ಲಿದ್ದವರನ್ನು ಬಡಿದರು. ಸಂಜೆಯೊಳಗೆ ಊರೂರಲ್ಲಿ ಆಡಳಿತ ಪಕ್ಷದವರ ಮನೆಗಳಿಗೆ ಬೆಂಕಿ ಬಿತ್ತು. ನಿಟ್ಟಂಬುವದಲ್ಲಿ ಸಂಸದರೊಬ್ಬರ ಹತ್ಯೆಯಾಯಿತು. ಮಹಿಂದ ರಾಜೀನಾಮೆ ಕೊಟ್ಟರು, ತಮ್ಮ ಗೋಟಬಯ ಕೊಡಲಿಲ್ಲ. ಜುಲೈ 9ರಂದು ರೈಲು, ಬಸ್ಸು, ಲಾರಿ ಹಿಡಿದು ಬಂದ ಜನಸಾಗರ ಅಧ್ಯಕ್ಷರ ಭವನಕ್ಕೆ ನುಗ್ಗಿತು. ಈಜುಕೊಳಕ್ಕೆ ಧುಮುಕಿದವರ ಚಿತ್ರ ಜಗತ್ತೆಲ್ಲ ನೋಡಿತು. ನಾನು ನೆನಪಿಟ್ಟುಕೊಂಡಿರುವುದು ಇನ್ನೊಂದು ದೃಶ್ಯವನ್ನು: ಭವನದಲ್ಲಿ ಸಿಕ್ಕ ನೋಟಿನ ಕಂತೆಗಳನ್ನು ಹುಡುಗರು ನೆಲದ ಮೇಲೆ ಹರವಿ ಎಣಿಸುತ್ತಿದ್ದರು. ಒಟ್ಟು 1.78 ಕೋಟಿ ಲಂಕಾ ರೂಪಾಯಿ, ಅಷ್ಟನ್ನೂ ಪೊಲೀಸರಿಗೆ ಒಪ್ಪಿಸಿದರು. ಜುಲೈ 13ರ ನಸುಕಿನಲ್ಲಿ ಅಧ್ಯಕ್ಷರು ವಾಯುಪಡೆಯ ವಿಮಾನದಲ್ಲಿ ಮಾಲ್ಡೀವ್ಸ್‌ಗೆ ಹಾರಿದರು, ಅಲ್ಲಿಂದ ಸಿಂಗಪುರಕ್ಕೆ. ರಾಜೀನಾಮೆ ಪತ್ರ ಬಂದದ್ದು ಅಲ್ಲಿಂದ, ಇ-ಮೇಲ್ ಮೂಲಕ. ಏಪ್ರಿಲ್‌ನಲ್ಲೇ ಅದನ್ನು ಬರೆದಿದ್ದರೆ ಮೇ 9 ನಡೆಯುತ್ತಿರಲಿಲ್ಲ.

ಬೀದಿಯಲ್ಲಿ ಎಷ್ಟು ಜನ ಇದ್ದರೆ ನಾಯಕ ಇಳಿಯುತ್ತಾನೆ? ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಇಬ್ಬರು ವಿದ್ವಾಂಸರು 1900ರಿಂದ 2006ರವರೆಗಿನ 323 ಚಳವಳಿಗಳನ್ನು ಪರಿಶೀಲಿಸಿ, ಅಹಿಂಸಾತ್ಮಕ ಚಳವಳಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗೆದ್ದಿವೆ, ಹಿಂಸೆಯ ದಾರಿ ಹಿಡಿದವುಗಳಲ್ಲಿ ಗೆದ್ದದ್ದು ಕಾಲುಭಾಗ ಮಾತ್ರ ಎಂದು ತೋರಿಸಿದರು. ಜನಸಂಖ್ಯೆಯ ಶೇ 3.5ರಷ್ಟು ಮಂದಿ ಕ್ರಿಯಾಶೀಲರಾದರೆ ಯಾವ ಸರ್ಕಾರವೂ ಉಳಿಯದು ಎಂಬ ಮಾತು ಅಲ್ಲಿಂದಲೇ ಹಬ್ಬಿತು. ಬಹರೈನ್‌ನಲ್ಲಿ 2011ರಲ್ಲಿ ಆ ಲೆಕ್ಕ ಮೀರಿ ಜನ ಸೇರಿದರು, ಅರಮನೆ ಅಲುಗಲಿಲ್ಲ. ಸೌದಿ ಅರೇಬಿಯಾದ ಪಡೆಗಳು ಸೇತುವೆ ದಾಟಿ ಬಂದವು. ತಲೆ ಎಣಿಸಿ ತೀರ್ಮಾನಿಸುವ ವಿಷಯ ಇದಲ್ಲ. ನಾಯಕನ ಆದೇಶವನ್ನು ಪಾಲಿಸಬೇಕಾದವರು ಯಾವ ದಿನ ಪಾಲಿಸುವುದನ್ನು ನಿಲ್ಲಿಸುತ್ತಾರೆ ಎಂಬುದೇ ನಿರ್ಣಾಯಕ.

ಫಿಲಿಪ್ಪೀನ್ಸ್‌ನ ಮಾರ್ಕೋಸ್ 1986ರ ಫೆಬ್ರುವರಿ 25ರ ಬೆಳಿಗ್ಗೆ ಅಧ್ಯಕ್ಷರಾಗಿ ಪ್ರಮಾಣ ಸ್ವೀಕರಿಸಿದರು, ಅದೇ ರಾತ್ರಿ ಅಮೆರಿಕದ ಹೆಲಿಕಾಪ್ಟರ್ ಹತ್ತಿದರು. ಇದರ ಹಿಂದೆ ಆದದ್ದೇನೆಂದರೆ, ರಕ್ಷಣಾ ಸಚಿವ ಎನ್ರಿಲೆ ಮತ್ತು ಜನರಲ್ ರಾಮೋಸ್ ಮೂರು ದಿನ ಮೊದಲೇ ಬಂಡೆದ್ದಿದ್ದರು, ಅವರನ್ನು ಮುತ್ತಲು ಬಂದ ಟ್ಯಾಂಕುಗಳು ಜಪಸರ ಹಿಡಿದು ಅಡ್ಡ ಕೂತ ಜನರ ಮೇಲೆ ಹರಿಯಲಿಲ್ಲ, ಬೆನ್ನಿಗಿದ್ದ ವಾಷಿಂಗ್ಟನ್ ಕೂಡ ಇನ್ನು ಹೊರಡುವುದು ಒಳ್ಳೆಯದೆಂದು ಹೇಳಿಬಿಟ್ಟಿತ್ತು. ಈಜಿಪ್ಟಿನ ಹೋಸ್ನಿ ಮುಬಾರಕ್ 2011ರ ಫೆಬ್ರುವರಿ 10ರ ರಾತ್ರಿ ಟಿ.ವಿ.ಯಲ್ಲಿ ಕಾಣಿಸಿಕೊಂಡಾಗ ತಹ್ರೀರ್ ಚೌಕ ರಾಜೀನಾಮೆಯ ಸುದ್ದಿಗೆ ಕಾದಿತ್ತು. ಅವರು ಹೋಗುವ ಮಾತಾಡಲಿಲ್ಲ, ಸಾವಿರಾರು ಜನ ಬೂಟು-ಚಪ್ಪಲಿ ಎತ್ತಿ ಹಿಡಿದರು. ಮರುದಿನ ಸಂಜೆ ಉಪಾಧ್ಯಕ್ಷರು ಬಂದು ಅರ್ಧ ನಿಮಿಷದಲ್ಲಿ ಮುಬಾರಕ್ ನಿರ್ಗಮನ ಘೋಷಿಸಿದರು. ಆ ಒಂದು ದಿನದಲ್ಲಿ ಮನಸ್ಸು ಬದಲಾದದ್ದು ಮುಬಾರಕ್ ಅವರದಲ್ಲ, ಸೇನೆಯದು.

ಬೆಲರೂಸ್‌ನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. 2020ರ ಆಗಸ್ಟ್‌ನಲ್ಲಿ ಶೇ 80ರಷ್ಟು ಮತ ಬಿದ್ದಿದೆ ಎಂದು ಘೋಷಿಸಿಕೊಂಡ ಲುಕಶೆಂಕೊ ವಿರುದ್ಧ ಭಾನುವಾರದಿಂದ ಭಾನುವಾರಕ್ಕೆ ಲಕ್ಷಗಟ್ಟಲೆ ಜನ ಮಿನ್ಸ್ಕ್‌ನಲ್ಲಿ ನಡೆದರು. ಕಾರ್ಮಿಕರು ನನ್ನ ಕಡೆಗಿದ್ದಾರೆ ಎಂದು ನಂಬಿ ಕಾರ್ಖಾನೆಯೊಂದಕ್ಕೆ ಹೋದ ಅವರೆದುರಿಗೇ ಕಾರ್ಮಿಕರು ‘ತೊಲಗು’ ಎಂದು ಕೂಗಿದರು. ನನ್ನನ್ನು ಕೊಲ್ಲುವವರೆಗೂ ಬೇರೆ ಚುನಾವಣೆ ಇಲ್ಲ ಎಂದರು ಅವರು. ಒಂದು ವಾರದ ನಂತರ ರೈಫಲ್ ಹಿಡಿದು ಹೆಲಿಕಾಪ್ಟರಿನಿಂದಿಳಿದರು. ಗಲಭೆ ನಿಗ್ರಹ ಪಡೆ ಕದಲಲಿಲ್ಲ, ಮಾಸ್ಕೋ 150 ಕೋಟಿ ಡಾಲರ್ ಸಾಲದ ಭರವಸೆ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಮುಂಚಿತವಾಗಿ ಯಾರಿಗೂ ಹೇಳದೆ ಪ್ರಮಾಣವಚನ ಮುಗಿಯಿತು. ಆ ಚಳವಳಿಯ ಶಿಸ್ತು, ಧೈರ್ಯ ಯೆರೆವಾನ್‌ಗಿಂತ ಕಡಿಮೆಯದಾಗಿರಲಿಲ್ಲ. ಸೋತದ್ದಕ್ಕೆ ಆ ಜನರನ್ನು ದೂರುವುದು ಅನ್ಯಾಯ.

ಇಳಿದ ಮೇಲೆ ಎಲ್ಲಿಗೆ ಹೋಗುವುದೆಂಬ ಭಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ರೊಮೇನಿಯಾದ ಚೌಷೆಸ್ಕು 1989ರ ಡಿಸೆಂಬರ್ 21ರಂದು ಬಾಲ್ಕನಿಯಿಂದ ಭಾಷಣ ಮಾಡಿದವರು 25ರಂದು ಗುಂಡಿಗೆ ಬಲಿಯಾದರು. ಅದನ್ನು ಮರೆತ ಸರ್ವಾಧಿಕಾರಿ ಯಾರೂ ಇಲ್ಲ. ಯೆಮೆನ್‌ನ ಅಲಿ ಅಬ್ದುಲ್ಲಾ ಸಾಲೇಹ್ 2011ರಲ್ಲಿ ಅಧಿಕಾರ ಬಿಡುವ ಒಪ್ಪಂದಕ್ಕೆ ಸಹಿ ಹಾಕುತ್ತೇನೆಂದು ಹೇಳಿ ಹಿಂದೆಗೆಯುತ್ತಲೇ ಇದ್ದರು. ಕೊನೆಗೆ ನವೆಂಬರ್ 23ರಂದು ರಿಯಾದ್‌ನಲ್ಲಿ ಸಹಿ ಹಾಕಿದ್ದು ಮೊಕದ್ದಮೆಗಳಿಂದ ರಕ್ಷಣೆ ಸಿಕ್ಕ ಮೇಲೆ. ಇಂಥ ಕ್ಷಮಾದಾನ ಸತ್ತವರ ಮನೆಯವರಿಗೆ ಮಾಡುವ ದ್ರೋಹ ಎನ್ನುವವರಿದ್ದಾರೆ, ಇನ್ನಷ್ಟು ಸಾವು ತಪ್ಪಿಸುವ ಬೆಲೆ ಎನ್ನುವವರೂ ಇದ್ದಾರೆ. ಯೆಮೆನ್ ಎರಡಕ್ಕೂ ಸಮಾಧಾನ ಕೊಡಲಿಲ್ಲ. ಸಾಲೇಹ್ ದೇಶದಲ್ಲೇ ಉಳಿದರು, ಹೂತಿ ಬಂಡುಕೋರರ ಜತೆ ಕೈಜೋಡಿಸಿ ಅಂತರ್ಯುದ್ಧಕ್ಕೆ ತುಪ್ಪ ಸುರಿದರು, 2017ರ ಡಿಸೆಂಬರ್‌ನಲ್ಲಿ ಅದೇ ಹೂತಿಗಳ ಕೈಯಲ್ಲಿ ಸತ್ತರು.

ಬಾಂಗ್ಲಾದೇಶದಲ್ಲಿ 2024ರ ಜುಲೈನಲ್ಲಿ ವಿದ್ಯಾರ್ಥಿಗಳು ಕೇಳಿದ್ದು ಪ್ರಧಾನಿ ಶೇಖ್ ಹಸೀನಾ ರಾಜೀನಾಮೆಯನ್ನಲ್ಲ. ವಿಮೋಚನಾ ಹೋರಾಟಗಾರರ ವಂಶಸ್ಥರಿಗೆ ಸರ್ಕಾರಿ ನೌಕರಿಯಲ್ಲಿದ್ದ ಶೇ 30ರ ಮೀಸಲಾತಿ ಬೇಡ ಎಂಬುದಷ್ಟೇ ಅವರ ಬೇಡಿಕೆ. ಜುಲೈ 21ರಂದು ಸುಪ್ರೀಂ ಕೋರ್ಟ್ ಅದನ್ನು ಶೇ 5ಕ್ಕೆ ಇಳಿಸಿಯೂಬಿಟ್ಟಿತು. ಆದರೆ ಅಷ್ಟರಲ್ಲಿ ಗುಂಡು ಹಾರಿತ್ತು, ನೂರಾರು ಹೆಣ ಬಿದ್ದಿದ್ದವು. ಮೀಸಲಾತಿಯ ಬೇಡಿಕೆ ಹಿಂದೆ ಸರಿದು ಆಗಸ್ಟ್ 3ರಂದು ಢಾಕಾದ ಶಹೀದ್ ಮಿನಾರ್ ಬಳಿ ಒಂದೇ ಬೇಡಿಕೆ ಉಳಿಯಿತು. ಆಗಸ್ಟ್ 4ರ ಒಂದೇ ದಿನ ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಮರುದಿನ ಸೇನೆ ಗುಂಡು ಹಾರಿಸಲು ಒಪ್ಪದಿದ್ದಾಗ ಹಸೀನಾ ಭಾರತಕ್ಕೆ ಹಾರಿದರು. ಆ ಜುಲೈ 1ರಿಂದ ಆಗಸ್ಟ್ 15ರ ನಡುವೆ 1,400ರವರೆಗೆ ಜನ ಸತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಅಂದಾಜಿಸಿದೆ. ರಾಜೀನಾಮೆಯ ಬೇಡಿಕೆಯನ್ನು ಹುಟ್ಟಿಸಿದ್ದೇ ಗೋಲಿಬಾರ್. ಜನಾದೇಶದ ಮಾತು ಅಲ್ಲಿಗೆ ಮುಗಿಯಬೇಕು. ಮತ ಹಾಕಿದವರ ಮಕ್ಕಳ ಮೇಲೆ ಗುಂಡು ಹಾರಿಸಲು ಯಾವ ಮತಪತ್ರವೂ ಅಧಿಕಾರ ಕೊಡುವುದಿಲ್ಲ.

ಇಷ್ಟೆಲ್ಲದರ ನಡುವೆ ದಕ್ಷಿಣ ಕೊರಿಯಾದ ಅನುಭವ ಬೇರೆಯೇ. ಅಧ್ಯಕ್ಷೆ ಪಾರ್ಕ್ ಗ್ಯೂನ್-ಹೇ ಅವರ ಗೆಳತಿಯೊಬ್ಬರು ಆಡಳಿತದಲ್ಲಿ ಕೈಯಾಡಿಸುತ್ತಿದ್ದ ಹಗರಣ 2016ರ ಅಕ್ಟೋಬರ್‌ನಲ್ಲಿ ಬಯಲಾದ ಮೇಲೆ ಸೋಲ್‌ನಲ್ಲಿ ಪ್ರತಿ ಶನಿವಾರ ಮೇಣದಬತ್ತಿ ಹಿಡಿದ ಜನ ಸೇರತೊಡಗಿದರು. ಗಾಳಿ ಬೀಸಿದರೆ ಮೇಣದಬತ್ತಿ ಆರುತ್ತದೆ ಎಂದು ಆಡಳಿತ ಪಕ್ಷದ ಸಂಸದರೊಬ್ಬರು ಹೇಳಿದ್ದಕ್ಕೆ ಮುಂದಿನ ಸಭೆಗೆ ಜನ ಬ್ಯಾಟರಿಯ ಎಲ್‌ಇಡಿ ಬತ್ತಿ ಹಿಡಿದು ಬಂದರು. ಪಾರ್ಕ್ ತಾವಾಗಿ ಹೋಗಲಿಲ್ಲ. ನನ್ನ ಅವಧಿಯ ವಿಚಾರವನ್ನು ಸಂಸತ್ತಿಗೆ ಬಿಟ್ಟಿದ್ದೇನೆ ಎಂದರು. ಕಾಲಹರಣದ ತಂತ್ರ ಎಂದು ವಿರೋಧಿಗಳು ಜರೆದರು, ಇದ್ದರೂ ಇರಬಹುದು. ಸಂಸತ್ತು ಆ ಮಾತನ್ನು ಅಕ್ಷರಶಃ ತೆಗೆದುಕೊಂಡಿತು. ಡಿಸೆಂಬರ್ 9ರಂದು 234 ಮತಗಳಿಂದ ಮಹಾಭಿಯೋಗ ಅಂಗೀಕಾರವಾಯಿತು, ಆಡಳಿತ ಪಕ್ಷದ ಹತ್ತಾರು ಸದಸ್ಯರು ಕೈಜೋಡಿಸದಿದ್ದರೆ ಆ ಸಂಖ್ಯೆ ಬರುತ್ತಿರಲಿಲ್ಲ. 2017ರ ಮಾರ್ಚ್ 10ರಂದು ಸಂವಿಧಾನ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳು ಒಮ್ಮತದಿಂದ ಅವರನ್ನು ಪದಚ್ಯುತಗೊಳಿಸಿದರು. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್-ಯೋಲ್ ಸೇನಾಡಳಿತ ಘೋಷಿಸಿದಾಗಲೂ ಅದೇ ದಾರಿ ಕೆಲಸಕ್ಕೆ ಬಂತು. ಕೊನೆಯವರೆಗೂ ಹೋರಾಡುತ್ತೇನೆ ಎಂದ ಯೂನ್ ರಾಜೀನಾಮೆ ಕೊಡಲೇ ಇಲ್ಲ, ಅದರ ಅಗತ್ಯವೂ ಬೀಳಲಿಲ್ಲ. 204 ಸಂಸದರು ಮತ ಹಾಕಿದರು, 2025ರ ಏಪ್ರಿಲ್ 4ರಂದು ನ್ಯಾಯಾಲಯ ಅವರನ್ನು ಇಳಿಸಿತು.

ಬೀದಿ ಯಾವಾಗಲೂ ಸರಿ ಎಂದು ನಾನು ಹೇಳುತ್ತಿಲ್ಲ. ಈಜಿಪ್ಟಿನಲ್ಲಿ ಮುಬಾರಕ್ ನಂತರ ಚುನಾಯಿತರಾದ ಮೊಹಮ್ಮದ್ ಮುರ್ಸಿ ವಿರುದ್ಧ 2013ರ ಜೂನ್ 30ರಂದು ಭಾರಿ ಜನಸ್ತೋಮ ಎದ್ದಿತು. ಮುರ್ಸಿ ತಾವು ನ್ಯಾಯಬದ್ಧವಾಗಿ ಗೆದ್ದವರೆಂದು ಪಟ್ಟು ಹಿಡಿದರು. ಜುಲೈ 3ರಂದು ಸೇನೆ ಅವರನ್ನು ಬಂಧಿಸಿತು, ಚೌಕದಲ್ಲಿ ಪಟಾಕಿ ಸಿಡಿದವು. ಆರು ವಾರಗಳಲ್ಲಿ ರಾಬಾ ಚೌಕದಲ್ಲಿ ಮುರ್ಸಿ ಬೆಂಬಲಿಗರ ಮೇಲೆ ಅದೇ ಆಡಳಿತ ನಡೆಸಿದ ಗೋಲಿಬಾರಿನಲ್ಲಿ ಒಂದೇ ದಿನ ನೂರಾರು ಜನ ಸತ್ತರು. ಫ್ರಾನ್ಸಿನ ಡಿ ಗಾಲ್ 1968ರ ಮೇ ತಿಂಗಳಲ್ಲಿ ಬೀದಿಗೆ ಬಗ್ಗದೆ ಸಂಸತ್ತನ್ನು ವಿಸರ್ಜಿಸಿ ಚುನಾವಣೆ ಗೆದ್ದರು. ಮರುವರ್ಷ ಜನಮತಗಣನೆಯಲ್ಲಿ ಸೋತಾಗ ಮಾರನೆಯ ದಿನವೇ ಹೊರಟರು. ಪಶಿನ್ಯಾನ್ ಹಿಡಿದದ್ದೂ ಆ ದಾರಿಯನ್ನೇ. ಮುರ್ಸಿ ಅವಧಿಪೂರ್ವ ಚುನಾವಣೆಗೆ ಒಪ್ಪಿದ್ದರೆ ಸೇನೆಗೆ ನೆಪ ಸಿಗುತ್ತಿತ್ತೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಈ ಪ್ರಶ್ನೆ ನಮ್ಮದೂ ಹೌದು. ಲೋಕಸಭೆಗೆ ತಮ್ಮ ಆಯ್ಕೆಯನ್ನು ಅಸಿಂಧುಗೊಳಿಸಿದ 1975ರ ಜೂನ್ 12ರ ಅಲಹಾಬಾದ್ ಹೈಕೋರ್ಟ್ ತೀರ್ಪಿನ ನಂತರ ಪ್ರಧಾನಿ ಇಂದಿರಾ ಗಾಂಧಿ ಎದುರಿಗೂ ಇದೇ ಬೇಡಿಕೆ ಬಂತು. ಮೇಲ್ಮನವಿ ಸಲ್ಲಿಸಿ ಸುಪ್ರೀಂ ಕೋರ್ಟಿನಿಂದ ಷರತ್ತಿನ ತಡೆಯಾಜ್ಞೆ ಪಡೆದದ್ದು ತಪ್ಪಾಗಿರಲಿಲ್ಲ, ಅದು ತೀರ್ಪುಗಾರರ ಬಳಿ ಹೋಗುವ ದಾರಿಯೇ. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಹೇರಿ, ಆಗಸ್ಟ್‌ನಲ್ಲಿ ಪ್ರಧಾನಿಯ ಚುನಾವಣೆಯನ್ನು ಕೋರ್ಟು ಪ್ರಶ್ನಿಸುವಂತಿಲ್ಲ ಎಂದು ಸಂವಿಧಾನವನ್ನೇ ತಿದ್ದಿದಾಗ ಆ ದಾರಿ ಮುಚ್ಚಿತು. ಜೂನ್ 26ರಂದು ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧನಕ್ಕೊಳಗಾದದ್ದು ನಮ್ಮ ಬೆಂಗಳೂರಿನಲ್ಲಿ. ಸಂಸದೀಯ ಸಮಿತಿಯೊಂದರ ಸಭೆಗೆ ಅವರು ಬಂದಿದ್ದರು. ಆ ಸಮಿತಿ ಚರ್ಚಿಸುತ್ತಿದ್ದುದು ಪಕ್ಷಾಂತರ ತಡೆಯುವ ಮಸೂದೆಯನ್ನು.

ಆ ಕಾಯ್ದೆ ಕೊನೆಗೆ 1985ರಲ್ಲಿ ಸಂವಿಧಾನದ ಹತ್ತನೇ ಪರಿಚ್ಛೇದವಾಗಿ ಬಂತು. ಅದಾದ ನಾಲ್ಕೇ ವರ್ಷಕ್ಕೆ, 1989ರ ಏಪ್ರಿಲ್‌ನಲ್ಲಿ, ಬಹುಮತವನ್ನು ಸದನದಲ್ಲೇ ಸಾಬೀತುಪಡಿಸುತ್ತೇನೆ ಎಂದ ಕರ್ನಾಟಕದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಮಾತನ್ನು ರಾಜ್ಯಪಾಲರು ಕೇಳಲಿಲ್ಲ, ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪ್ರಶ್ನೆ ಇತ್ಯರ್ಥವಾಗಬೇಕಾದದ್ದು ಸದನದಲ್ಲಿ ಎಂದು ತೀರ್ಪಿತ್ತಿತು. ಈ ಲೇಖನದ ಉದ್ದಕ್ಕೂ ಹುಡುಕುತ್ತಿರುವ ದಾರಿಯನ್ನು ಆ ತೀರ್ಪು ತೆರೆದು ತೋರಿಸಿದೆ. ಆದರೆ ಅದೇ ಸದನದಲ್ಲಿ ಹತ್ತನೇ ಪರಿಚ್ಛೇದವೂ ಜಾರಿಯಲ್ಲಿದೆ. ಅವಿಶ್ವಾಸ ಗೊತ್ತುವಳಿಗೂ ವಿಪ್ ಅನ್ವಯಿಸುವುದರಿಂದ, ಆಡಳಿತ ಪಕ್ಷದ ಶಾಸಕ ತನ್ನ ಮುಖ್ಯಮಂತ್ರಿಯ ವಿರುದ್ಧ ಮತ ಹಾಕಿದರೆ ಸ್ಥಾನ ಕಳೆದುಕೊಳ್ಳುತ್ತಾನೆ. ಬಾಂಗ್ಲಾದೇಶದ ಸಂವಿಧಾನದ 70ನೇ ವಿಧಿ ಇನ್ನೂ ಬಿಗಿಯಾಗಿ ಇದನ್ನೇ ಹೇಳುತ್ತಿತ್ತು. ಜುಲೈನಲ್ಲಿ ಢಾಕಾ ಉರಿಯುತ್ತಿದ್ದಾಗ ಹಸೀನಾ ಅವರ ಪಕ್ಷದ ಒಬ್ಬ ಸಂಸದನೂ ಸದನದಲ್ಲಿ ಅವರ ವಿರುದ್ಧ ಮತ ಹಾಕುವ ಸ್ಥಿತಿಯಲ್ಲಿರಲಿಲ್ಲ. ಕೊರಿಯಾದ ಆಡಳಿತ ಪಕ್ಷದ ಸದಸ್ಯರಿಗೆ ಇದ್ದ ಆ ಅವಕಾಶ ನಮ್ಮವರಿಗಿಲ್ಲ.

ವಿಪ್ ತೆಗೆದರೆ ಕುದುರೆ ವ್ಯಾಪಾರ ಶುರುವಾಗುತ್ತದೆ ಎಂಬ ಆಕ್ಷೇಪ ಕರ್ನಾಟಕದಲ್ಲಿ ಕುಳಿತು ಬರೆಯುವವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2019ರ ಜುಲೈ 23ರಂದು ಸರ್ಕಾರವೊಂದು 99-105ರಲ್ಲಿ ಬೀಳುವ ಮೊದಲು ಶಾಸಕರು ಮುಂಬೈ ಹೋಟೆಲಿನಲ್ಲಿ ಕೂತಿದ್ದನ್ನು ನಾವು ವಾರಗಟ್ಟಲೆ ನೋಡಿದ್ದೇವೆ. ಆದರೆ ಆಗ ವಿಪ್ ಇತ್ತು, ಕಾಯ್ದೆಯೂ ಇತ್ತು, ಎರಡೂ ವ್ಯಾಪಾರವನ್ನು ತಡೆಯಲಿಲ್ಲ. ಅವು ತಡೆಯುತ್ತಿರುವುದು ಪ್ರಾಮಾಣಿಕವಾಗಿ ತನ್ನ ನಾಯಕನ ವಿರುದ್ಧ ನಿಲ್ಲಬೇಕೆಂದಿರುವವನನ್ನು. ಮಸೂದೆ, ಬಜೆಟ್ಟುಗಳಿಗೆ ವಿಪ್ ಇರಲಿ. ಪಕ್ಷ ಬಿಟ್ಟು ಹೋದವನು ಮತ್ತೆ ಜನರ ಮುಂದೆ ಮತ ಕೇಳಲಿ. ವಿಶ್ವಾಸಮತದ ದಿನ ಮಾತ್ರ ಸದಸ್ಯ ಪಕ್ಷದಲ್ಲಿದ್ದುಕೊಂಡೇ ತನಗೆ ತೋಚಿದಂತೆ ಮತ ಹಾಕಲು ಬಿಡಬೇಕು. ಹತ್ತನೇ ಪರಿಚ್ಛೇದಕ್ಕೆ ಈ ಒಂದು ತಿದ್ದುಪಡಿಯನ್ನು ಬೀದಿ ಶಾಂತವಾಗಿರುವ ದಿನಗಳಲ್ಲೇ ಮಾಡಿಕೊಳ್ಳಬೇಕು. ಜನ ಬೀದಿಗಿಳಿದ ಮೇಲೆ ಅದಕ್ಕೆ ಯಾವ ಸರ್ಕಾರವೂ ಕೈಹಾಕುವುದಿಲ್ಲ.